ಪವಿತ್ರಳ ಹುಬ್ಬಿನ ಗಾಯ

ಕೊರೊನಾ ಮುಗಿದ ಮರುವರ್ಷ. ಆಗ ನಾನು ತುಮಕೂರಿನ ಒಂದು ಮಹಿಳಾ ಸಂಘದಲ್ಲಿ ಗೋಡೆ ಚಿತ್ರದ ಕೆಲಸದಲ್ಲಿದ್ದೆ. ಕಮ್ಯುನಿಟಿ ಆರ್ಟ್ ಅನ್ನುತ್ತಾರೆ. ಅಂದರೆ ನಾನು ಗೆರೆ ಹಾಕಿಕೊಡುತ್ತೇನೆ, ಆ ಬೀದಿಯ ಹೆಂಗಸರು ಬಣ್ಣ ತುಂಬುತ್ತಾರೆ. ಶಾಲೆಗೆ ನಾನು ಹೆಚ್ಚು ಹೋದವಳಲ್ಲ. ರಂಗೋಲಿಯ ಕೈ ಚೆನ್ನಾಗಿತ್ತು, ಅದೇ ಅನ್ನ ಹಾಕಿತು.

ಗುಬ್ಬಿಯಿಂದ ಗಂಗಮ್ಮ ಅನ್ನುವವಳು ನನ್ನನ್ನು ಹುಡುಕಿಕೊಂಡು ಬಂದಳು. ತುಮಕೂರು ಪಕ್ಕದ ಅಂತರಸನಹಳ್ಳಿಯ ಫ್ಯಾಕ್ಟರಿ ಕೆಲಸಕ್ಕೆಂದು ದಿನದಂತೆ ಹೊರಟ ಅವಳ ಮಗಳು ಪವಿತ್ರ ಮನೆಗೆ ತಿರುಗಿ ಬಂದಿರಲಿಲ್ಲ. ಫೋನ್ ಸ್ವಿಚ್ ಆಫ್. ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟಾಗಿತ್ತು. ಅಂಟಿಸಿದ ಪೋಸ್ಟರುಗಳು ಮಳೆಗೆ ಹೋಗಿದ್ದವು.

"ಬಸ್ಸಿನೋರಿಗೆಲ್ಲ ಕಾಣಂಗೆ ಗೋಡೆ ಮೇಲೆ ಅವಳ್ ಮುಖ ಬರ್ದುಬುಡವ್ವ" ಅಂದಳು. ಊಟ ಬಿಟ್ಟು ಕೆನ್ನೆ ಒಳಗೆ ಹೋಗಿತ್ತು.

ಗುಬ್ಬಿಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಒಂದು ಗೋಡೆ ಸಿಕ್ಕಿತು. ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ, ಹೊಡೆದು ಫೋಟೋ ನೋಡಿ ಮುಖ ಬರೆದೆ. ಆ ಫೋಟೋಗಳನ್ನೆಲ್ಲ ಫೋನೇ ನುಣ್ಣಗೆ, ಬೆಳ್ಳಗೆ ಮಾಡಿಟ್ಟಿತ್ತು. ಅದರ ಮೇಲೆ ನಮ್ಮ ಹೆಂಗಸರ ಕೈ. ಗೋಡೆ ಮೇಲೆ ಹೆಣ್ಣುಮಗಳನ್ನು ಬರೆದರೆ ಲಕ್ಷಣವಾಗಿ ಬರೆಯಬೇಕು, ಬೋಳು ಹಣೆ ಅಪಶಕುನ. ಒಬ್ಬಳು ಕುಂಕುಮ ಇಟ್ಟಳು, ಒಬ್ಬಳು ಮಲ್ಲಿಗೆ ಮುಡಿಸಿದಳು, ಗಂಗಮ್ಮ ತಾನೇ ಓಲೆ ತೊಡಿಸಿದಳು. ಹೆಣ್ಣುಮಗಳ ಹೆಸರು ಗೋಡೆ ಮೇಲೆ ಬೇಡ, ಮುಖ ಸಾಕು ಅಂದಳು. ಮುಗಿದ ಮೇಲೆ ಎಲ್ಲರೂ ಕೈಮುಗಿದರು.

ವಾರಗಳು ಕಳೆದವು. ಒಬ್ಬರೂ ಬಂದು ಒಂದು ಮಾತು ಹೇಳಲಿಲ್ಲ. ಗಂಗಮ್ಮ ಗೋಡೆಯ ಬುಡದಲ್ಲೇ ಕೂತಿರುತ್ತಿದ್ದಳು. ಇಳಿದವರ ಮುಖ ನೋಡುವುದೇ ಅವಳ ಕೆಲಸ.

ಒಂದು ದಿನ ನಾನೂ ಅಲ್ಲಿದ್ದೆ. ತುಮಕೂರು ಬಸ್ಸಿನ ಕಂಡಕ್ಟರ್ ಟೀ ಕುಡಿಯುತ್ತಾ ಕೇಳಿದ, "ಯಾರಜ್ಜಿ ಇದು, ಸೀರಿಯಲ್ ಹೀರೋಯಿನ್ನಾ?"

"ನಿನ್ ಬಸ್ಸಲ್ಲೇ ದಿನಾ ಹೋಗ್ತಿದ್ದೋಳು ಕಣೋ. ಪವಿತ್ರ. ಕಾಣೆಯಾಗವ್ಳೆ."

"ಹುಬ್ಬು ಸೀಳಿರೋ ಹುಡ್ಗೀನಾ? ಇದು ಅವ್ಳಲ್ಲ ಬುಡಜ್ಜಿ." ಅವನು ಲೋಟ ಕೆಳಗಿಟ್ಟ. "ಅವ್ಳು ಕೊನೇ ಸಲ ತುಮಕೂರಲ್ಲಿ ಇಳ್ದು ಕುಣಿಗಲ್ ಬಸ್ ಹತ್ತಿದ್ಲಲ್ಲ, ನಾನೇ ನೋಡ್ದೆ."

ಪೊಲೀಸರಿಗೆ ತಿಳಿಸಿದೆವು. ಅಷ್ಟು ವಾರ ಆ ಮನುಷ್ಯ ಅದೇ ಗೋಡೆಯ ಮುಂದೆ ಟೀ ಕುಡಿದು ಹೋಗಿದ್ದ.

ಮುಖ ಅಳಿಸಿ ಬೇರೆ ಬರೆಯುತ್ತೇನೆ ಅಂದಾಗ ಗಂಗಮ್ಮ ಬ್ರಶ್ ಕಿತ್ತುಕೊಂಡಳು.

"ಊರೆಲ್ಲ ನೋಡಂಗೆ ಗಾಯ ಬರೀತೀಯಾ? ನಾಳೆ ಅವಳ್ನ ಯಾರ್ ಮದ್ವೆ ಆಯ್ತಾರವ್ವ?"

"ಮೊದ್ಲು ಬರ್ಲಿ ಕಣೇ. ಬಂದ್ರೆ ತಾನೇ ಮದ್ವೆ!" ಅಂದೆ.

ಸುಮಾರು ಹೊತ್ತಾದ ಮೇಲೆ ಬ್ರಶ್ ವಾಪಸ್ ಕೊಟ್ಟಳು. ಅವಳ ಬಾಯಿಂದಲೇ ಕೇಳಿ ಕೇಳಿ ಬರೆದೆ. ಎಡಹುಬ್ಬಿನ ಸೀಳು, ಕಪ್ಪು ಮೈಬಣ್ಣ, ಮುಂದೆ ಬಂದ ಒಂದು ಹಲ್ಲು. ಹೂವು, ಓಲೆ ಏನೂ ಇಲ್ಲ. ಬರೆದು ಪಕ್ಕಕ್ಕೆ ಸರಿದೆ. ಗಂಗಮ್ಮ ನೋಡಿದಳು, ಎದ್ದು ನಿಂತು ಗೋಡೆಗೆ ಬೈದಳು.

"ಎಲ್ಲೇ ಹೋಗಿದ್ದೆ ಮುಂಡೇದೇ, ಹೇಳ್ದೆ ಕೇಳ್ದೆ?"

ಮುಖ ಸರಿಯಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಅದೇ ಮುಖವನ್ನು ಕುಣಿಗಲ್‌ನಲ್ಲೂ ಬರೆದೆ. ಪವಿತ್ರ ಇನ್ನೂ ಸಿಕ್ಕಿಲ್ಲ. ಗೋಡೆ ಅಂದ ಮಾಡುವುದು ಬೇರೆ, ಒಂದು ಜೀವ ಹುಡುಕುವುದು ಬೇರೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಬಿಸಿಲಿಗೆ ಬಣ್ಣ ಮಾಸುತ್ತದೆ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಬಣ್ಣದ ಡಬ್ಬಿ ಹಿಡಿದು ಎರಡೂ ಊರಿಗೆ ಹೋಗುತ್ತೇನೆ. ಮೊದಲು ಗಾಯವನ್ನೇ ಮತ್ತೆ ಎದ್ದು ಕಾಣುವಂತೆ ತಿದ್ದುತ್ತೇನೆ.