ಪೈಪು ಇನ್ನೂ ಬೇಕಾ?

ಹೋದ ತಿಂಗಳು ನಾನೊಂದು ಕಂಪ್ಯೂಟರ್ ಜೊತೆ ಜಗಳವಾಡಿ ಗೆದ್ದೆ. ಗೆದ್ದೆನಲ್ಲಾ ಎಂದು ಈಗಲೂ ಸಂಕಟವಾಗುತ್ತದೆ.

ನಮ್ಮತ್ತೆ ನಿಮಗೆ ಗೊತ್ತಲ್ಲ? ಆಗಾಗ ಈ ಅಂಕಣದೊಳಗೆ ಬಂದು ನನ್ನನ್ನು ಬೈದು ಹೋಗುವವರು. ಎಪ್ಪತ್ತೆರಡು ವರ್ಷ. ಕುವೆಂಪುನಗರದ ನಮ್ಮ ಮನೆಯ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. (ಯಾವ ಆಸ್ಪತ್ರೆ ಎಂದು ಕೇಳಬೇಡಿ.) ಕಾಲಿಗೆ ರಾಡು, ಮೂತ್ರಕ್ಕೆ ಒಂದು ಪೈಪು, ಅದರ ತುದಿಗೆ ಮಂಚದ ಪಕ್ಕ ನೇತುಹಾಕಿದ ಪ್ಲಾಸ್ಟಿಕ್ ಚೀಲ.

ನಿಜ ಹೇಳಿಬಿಡಲೇ? ಆ ಪೈಪು ನನ್ನ ಪಾಲಿಗೆ ವರವಾಗಿತ್ತು. ಬೆಡ್‌ಪ್ಯಾನ್ ಇಡಬೇಕಿಲ್ಲ. ನೋವಿನಲ್ಲಿ ಅವರನ್ನು ಹೊರಳಿಸಬೇಕಿಲ್ಲ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳು, ಇತ್ತ ಆಫೀಸು, ನಡುವೆ ಸ್ಕೂಟರ್ ಮೇಲೆ ದಿನಕ್ಕೆ ನಾಲ್ಕು ಸಲ ಓಡಾಟ. ಯಾರಿಗೆ ಬೇಡ ಹೇಳಿ, ಒಂದಿಷ್ಟು ಅನುಕೂಲ?

ಆ ಆಸ್ಪತ್ರೆಗೆ ಕಂಪ್ಯೂಟರ್ ಹೊಸದು. ರೋಗಿಗಳ ಚೀಟಿ, ಔಷಧಿ, ಜ್ವರದ ಲೆಕ್ಕ ಎಲ್ಲ ಅದರೊಳಗೇ. ಮೂರನೇ ದಿನ ಬೆಳಿಗ್ಗೆ ಅತ್ತೆಯ ಹೆಸರಿನ ಮುಂದೆ ಕೆಂಪು ಸಾಲೊಂದು ಮೂಡಿತಂತೆ. ಸಿಸ್ಟರ್ ಭಾಗ್ಯ ಬಂದರು.

"ಮೇಡಂ, ಅಜ್ಜಿ ಪೈಪು ಇನ್ನೂ ಬೇಕಾ ಅಂತ ಕೇಳ್ತಾ ಇದೆ. ತೆಗೆದ್ಬುಡೋಣ ಕಣ್ರೀ."

"ಯಾರು ಕೇಳ್ತಿರೋದು? ಡಾಕ್ಟ್ರಾ?"

"ಕಂಪ್ಯೂಟರ್ರು. ಎರಡು ದಿನ ದಾಟಿದ್ರೆ ದಿನಾ ಕೇಳುತ್ತೆ. ಪೈಪು ಒಳಗಿದ್ದಷ್ಟೂ ಇನ್‌ಫೆಕ್ಷನ್ ಭಯ. ಮೊದ್ಲೆಲ್ಲ ನಮಗೇ ಮರ್ತೋಗೋದು, ವಾರಗಟ್ಟಲೆ ಅಂಗೇ ಇರೋದು."

ನಾನು ಒಪ್ಪಲಿಲ್ಲ. ಡ್ಯೂಟಿ ಡಾಕ್ಟರ ಹಿಂದೆ ಬಿದ್ದೆ. "ಸರ್, ಅವರಿಗೆ ಹೊರಳೋಕೂ ಆಗಲ್ಲ. ಇನ್ನೆರಡು ದಿನ ಇರಲಿ ಸರ್, ಪ್ಲೀಸ್." ಚಿಕ್ಕ ವಯಸ್ಸಿನ ಡಾಕ್ಟರು, ದಣಿದಿದ್ದರು. 'ರೋಗಿಗೆ ಅಲುಗಾಡಲು ಆಗುತ್ತಿಲ್ಲ' ಎಂದು ಕಾರಣ ಬರೆದರು. ಕೆಂಪು ಸಾಲು ಹೋಯಿತು. ಮರುದಿನ ಮತ್ತೆ ಬಂತು. ಮತ್ತೆ ನಾನು, ಮತ್ತೆ ಪ್ಲೀಸ್.

ನೋಡಲು ಯಾರಾದರೂ ಬಂದರೆ ಅತ್ತೆ ಹೊದಿಕೆಯ ತುದಿಯನ್ನು ಮೆಲ್ಲಗೆ ಎಳೆದು ಆ ಚೀಲ ಮುಚ್ಚುತ್ತಿದ್ದರು. ನಾನದನ್ನು ನೋಡಿದ್ದೆ. ಏನೂ ಕೇಳಲಿಲ್ಲ.

ಐದನೇ ದಿನ ಮಧ್ಯಾಹ್ನ ಅವರಿಗೆ ಚಳಿ ಶುರುವಾಯಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಸಂಜೆಯ ಹೊತ್ತಿಗೆ ಮಗನನ್ನೇ "ಯಾರಪ್ಪ ನೀನು?" ಎಂದು ಕೇಳಿದರು. ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕು. ಪೈಪು ತೆಗೆದು, ಇಂಜೆಕ್ಷನ್ ಹಾಕಿದರು.

ಸಿಸ್ಟರ್ ಭಾಗ್ಯ ನನ್ನನ್ನು ಬೈಯಲಿಲ್ಲ. "ನಾನೇ ಇನ್ನೊಸಿ ಗಟ್ಟಿಯಾಗಿ ಹೇಳ್ಬೇಕಿತ್ತು ಕಣಕ್ಕ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಮೂರು ದಿನಕ್ಕೆ ಜ್ವರ ಬಿಟ್ಟಿತು. ಅವತ್ತು ಬೆಳಿಗ್ಗೆ ಅತ್ತೆ ಕೈತೊಳೆಯಲು ನೀರು ಕೇಳಿದರು. ಆಮೇಲೆ ವಿಭೂತಿ. ಕೊರಳಲ್ಲಿದ್ದ ಇಷ್ಟಲಿಂಗವನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಒಂದು ದಿನವೂ ಪೂಜೆ ತಪ್ಪಿಸದ ಹೆಂಗಸು ಇಷ್ಟು ದಿನ ಲಿಂಗ ಮುಟ್ಟಿರಲಿಲ್ಲ ಎಂದು ನನಗೆ ಹೊಳೆದದ್ದೇ ಆಗ.

"ಯಾಕತ್ತೆ, ಇಷ್ಟು ದಿನ ಮಾಡ್ಲಿಲ್ಲ?"

"ಪಕ್ಕದಲ್ಲಿ ಆ ಚೀಲ ನೇತಾಕ್ಕೊಂಡು ಎಂಗಮ್ಮ ಶಿವನ್ನ ಕೈಮೇಲೆ ಕೂರಿಸ್ಕೊಳ್ಳಲಿ? ಮನಸ್ಸು ಒಪ್ಲಿಲ್ಲ."

"ತೆಗೆಸಿ ಅಂತ ಹೇಳ್ಬಾರ್ದಿತ್ತಾ?"

"ನೀನು ಆ ಸ್ಟೂಲ್ ಮೇಲೆ ಕೂತಂಗೇ ತೂಕಡಿಸ್ತಿದ್ದೆ. ಪಾಪ, ಒಸಿ ಮಲ್ಕೊಳ್ಳಲಿ ಅಂತ ಸುಮ್ಗಿದ್ದೆ."

ಫ್ಲಾಸ್ಕ್ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಅತ್ತುಬಿಟ್ಟೆ.

ಯೋಚಿಸಿ. ಕಂಪ್ಯೂಟರ್ ನರ್ಸನ್ನು ಕೇಳಿತು, ನರ್ಸ್ ನನ್ನನ್ನು ಕೇಳಿದರು, ನಾನು ಡಾಕ್ಟರನ್ನು ಕೇಳಿದೆ. ಪೈಪು ಯಾರ ಮೈಯೊಳಗಿತ್ತೋ ಅವರನ್ನು ಒಬ್ಬರಾದರೂ ಕೇಳಿದೆವಾ? ವಯಸ್ಸಾದವರಿಗೆ ಎಂದು ನಾವು ಮಾಡುವ ಎಷ್ಟೋ ಏರ್ಪಾಡುಗಳು (ಮೂಲೆಯ ರೂಮು, ಮೆತ್ತಗಿನ ಅನ್ನ, 'ನೀವು ಸುಮ್ಮನೆ ಕೂತಿರಿ') ನಿಜಕ್ಕೂ ಅವರಿಗಾ, ನಮಗಾ? ಆ ಯಂತ್ರವಾದರೂ ದಿನಾ ಕೇಳುತ್ತದೆ. ನಾವು ಒಂದು ಸಲವೂ ಕೇಳುವುದಿಲ್ಲ.

ಭಾನುವಾರ ನಂಜನಗೂಡಿನಿಂದ ನಾದಿನಿ ಗೌರಿ ಆಸ್ಪತ್ರೆಗೆ ಬಂದಳು. ತಾಯಿಯ ಕೆನ್ನೆ ಸವರಿ, "ಆಸ್ಪತ್ರೆ ಒಳಗೇ ಇದ್ಕೊಂಡು ಜ್ವರ ಎಂಗವ್ವ ಬಂತು?" ಎಂದಳು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅತ್ತೆ ಹೊದಿಕೆಯ ಕೆಳಗಿನಿಂದ ನನ್ನ ಕೈಯನ್ನು ಬಲವಾಗಿ ಗಿಲ್ಲಿದರು.

"ಏಸಿ ಕಣಮ್ಮ. ನಾನೇ ಜೋರಾಗಿ ಹಾಕಿಸ್ಕೊಂಡಿದ್ದೆ. ಸುಮಾ ಬ್ಯಾಡ ಬ್ಯಾಡ ಅಂದ್ಲು, ನಾನೇ ಕೇಳ್ಲಿಲ್ಲ."

ಗೌರಿ ತಲೆಯೆತ್ತಿ, ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕಿತ್ತಳೆ ಸುಲಿಯತೊಡಗಿದಳು.

ಗೌರಿ, ಪ್ರತಿ ವಾರ ಈ ಅಂಕಣ ಓದುತ್ತೀಯಲ್ಲ, ಇದನ್ನೂ ಓದು: ಆ ರೂಮಿನಲ್ಲಿ ಏಸಿ ಇರಲಿಲ್ಲ ಕಣೇ, ನಾನಿದ್ದೆ.