ಪಂಪ್‌ಸೆಟ್ ಕಾಕಾ ಬೆರೆಸಿಕೊಟ್ಟ ಎರಡು ದನಿ

ಎಂಬತ್ತರ ದಶಕದಲ್ಲಿ ನಾನು ಅಫಜಲಪುರದ ಮದುವೆ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಚೆನ್ನಾಗಿ ಬಾರಿಸುತ್ತಿದ್ದೆ ಎನ್ನಲು ಸಾಕ್ಷಿಗಳಿಲ್ಲ. ಊರಿನಲ್ಲಿ ಬೇರೆ ಗಿಟಾರ್ ಇರಲಿಲ್ಲ ಎನ್ನಲು ಬೇಕಾದಷ್ಟಿದ್ದಾರೆ.

ಸೊಲ್ಲಾಪುರದಿಂದ ತಂದ ನನ್ನ ಆಂಪ್ಲಿಫೈಯರ್‌ಗೆ ಹಿಂಬದಿಯಿಂದ ಸಿಕ್ಕಿಸುವ ಎರಡು ಸರ್ಕ್ಯೂಟ್ ಕಾರ್ಡುಗಳಿದ್ದವು. ಒಂದು ತಿಳಿಯಾದ ದನಿ ಕೊಡುತ್ತಿತ್ತು, ಇನ್ನೊಂದು ಬಟ್ಟೆ ಹರಿದಂಥ ದನಿ. ಸಿಕ್ಕಿಸುವ ಗೂಡು ಮಾತ್ರ ಒಂದೇ. ದನಿ ಬದಲಿಸಲು ನಾಲ್ಕು ಸ್ಕ್ರೂ ಬಿಚ್ಚಬೇಕು. ಆಳಂದದ ಮದುವೆಯಲ್ಲಿ ಹಾಡಿನ ನಡುವೆ ನಾನು ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಹಿಂದೆ ಕುಳಿತಾಗ, ಮದುಮಗನ ಸೋದರಮಾವ ಕರೆಂಟು ಹೋಯಿತೆಂದು ಲೈನ್‌ಮನ್‌ನನ್ನು ಕರೆಸಿದ.

ಆರ್ಕೆಸ್ಟ್ರಾದ ಯಜಮಾನರಾದ ಹಾರ್ಮೋನಿಯಂ ಮಾಸ್ತರು ವಾಪಸು ಬರುವಾಗ ತೀರ್ಪು ಕೊಟ್ಟರು.

"ಜೇವರ್ಗಿ ಮದುವಿಯೊಳಗ ಸ್ಕ್ರೂ ಬಿಚ್ಚಲಾರದ ಎರಡೂ ದನಿ ಕೂಡೇ ಬರಬೇಕು. ಇಲ್ಲಂದ್ರ ಆಳಂದದ ಕೀಬೋರ್ಡಿನಾಂವ ಬರ್ತಾನ. ಟೆಂಪೋದಾಗ ಒಂದ ಸೀಟ್ ಅದ, ತಿಳೀತಿಲ್ಲೋ?"

ಊರಿನಲ್ಲಿ ಇಂಥ ಕೆಲಸಕ್ಕೆ ಇದ್ದವರು ಒಬ್ಬರೇ, ಭೀಮೆಯ ದಂಡೆಯ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ ಕಾಕಾ. ಬಿಡುವಿದ್ದಾಗ ರೇಡಿಯೋವನ್ನೂ ಬಿಚ್ಚುತ್ತಿದ್ದರು. ಅವರು ಹಲಗೆ ಕೊರೆದು ಇನ್ನೊಂದು ಗೂಡು ಮಾಡಿದರು. ಕಾರ್ಡಿಗೊಂದರಂತೆ ಸ್ಪೀಕರ್ ಕೊಟ್ಟು, ಮುಂದೆ ಒಂದು ತಿರುಪುಗುಂಡಿ ಕೂರಿಸಿದರು. ಎಡಕ್ಕೆ ತಿರುಗಿಸಿದರೆ ತಿಳಿದನಿ, ಬಲಕ್ಕೆ ಹರಿದದ್ದು, ನಡುವೆ ಎರಡೂ. ವೈರೆಲ್ಲ ಮೋಟರಿನದೇ, ಎಲ್ಲವೂ ಕಪ್ಪು.

ಎಡಕ್ಕೆ ಸರಿಯಿತ್ತು, ಬಲಕ್ಕೂ ಸರಿಯಿತ್ತು. ನಡುವೆ ನಿಲ್ಲಿಸಿದರೆ ಮಂದ್ರವೆಲ್ಲ ಮಾಯವಾಗಿ, ತಗಡಿನ ಡಬ್ಬಿಯಲ್ಲಿ ಸೊಳ್ಳೆ ಸಿಕ್ಕಿಬಿದ್ದಂತೆ ಕೇಳಿಸಿತು.

"ಎರಡು ಕೂಡಿದ್ರ ಡಬಲ್ ಆಗಬೇಕಲ್ರಿ ಕಾಕಾ?"

"ನಾನೂ ನಿಮ್ಮ ಕಾಕೂನೂ ಕೂಡೇ ಮಾತಾಡಿದ್ರ ಹಿಂಗೇ ಆಗ್ತದ. ಯಾರದೂ ಕೇಳಂಗಿಲ್ಲ."

ಎರಡು ದಿನ ಕಾಕಾ ಮೊದಲು ಸೊಲ್ಲಾಪುರವನ್ನು, ಆಮೇಲೆ ಗಿಟಾರನ್ನು, ಕೊನೆಗೆ ನನ್ನ ಬೆರಳುಗಳನ್ನು ಬೈದರು. ಮದುವೆಗೆ ಒಂದೇ ದಿನ ಉಳಿಯಿತು. ತನ್ನ ಮೋಟರಿಗಾಗಿ ಬೆಳಗಿನಿಂದ ಕಾಯುತ್ತಿದ್ದ ಸೊನ್ನ ಊರಿನ ಕಡೆಯ ಕಬ್ಬಿನ ರೈತನಿಗೆ ಸಾಕಾಗಿಹೋಗಿತ್ತು.

"ನೀರ ಎತ್ತಂಗಿಲ್ಲಂದ್ರ ಮೋಟರ್ ಉಲ್ಟಾ ತಿರಗಾಕತ್ತದ ಅಂತ ಎರಡು ವಾಯರ್ ಅದಲಿ ಬದಲಿ ಮಾಡ್ತಿ. ಇದಕ್ಕೂ ಹಂಗೇ ಮಾಡಿ, ನಂದು ಕೈಗೆತ್ಕೋ ಮಾರಾಯ."

"ಸ್ಪೀಕರ್ ಎಲ್ಲಿ ತಿರಗ್ತದಲೇ ಹುಚ್ಚಾ!" ಎಂದರು ಕಾಕಾ. ಎಂದವರು ರೈತನ ಮೋಟರನ್ನೊಮ್ಮೆ, ನನ್ನ ಡಬ್ಬಿಯನ್ನೊಮ್ಮೆ ನೋಡಿದರು. ಆಮೇಲೆ ಬೆಸುಗೆ ಹಾಕುವ ಕಾವುಗಡ್ಡಿ ತೆಗೆದುಕೊಂಡು ಒಂದು ಸ್ಪೀಕರಿನ ಎರಡು ವೈರು ಬಿಡಿಸಿ ಅದಲುಬದಲು ಹಚ್ಚಿದರು. ಎಲ್ಲ ವೈರೂ ಕಪ್ಪಾದ್ದರಿಂದ ಒಂದು ಸ್ಪೀಕರಿಗೆ ತಿರುವುಮುರುವಾಗಿ ಬಿದ್ದಿತ್ತು. ಒಂದು ಗಾಳಿಯನ್ನು ಮುಂದೆ ನೂಕುವಾಗ ಇನ್ನೊಂದು ಹಿಂದೆ ಎಳೆಯುತ್ತಿತ್ತು. ತಿರುಪನ್ನು ನಡುವೆ ನಿಲ್ಲಿಸಿ ದಪ್ಪ ತಂತಿ ಮೀಟಿದೆ. ಅಂಗಡಿಯ ಮಾಡಿನ ತಗಡು ಗುಂಯ್ ಎಂದಿತು.

"ನೀರ ಬಂತು," ಎಂದ ರೈತ.

ಜೇವರ್ಗಿಯಲ್ಲಿ ಕೀಬೋರ್ಡಿನವನೂ ವಾದ್ಯವನ್ನು ಚಾದರದಲ್ಲಿ ಸುತ್ತಿಕೊಂಡು ಬಂದಿದ್ದ. ಮುಂಜಾಗ್ರತೆಗೆ ಮಾಸ್ತರೇ ಕರೆಸಿದ್ದರು. ಅವನು ಮೊದಲ ಸಾಲಿನಲ್ಲಿ ಕುಳಿತು ನನ್ನ ಸ್ಕ್ರೂಡ್ರೈವರಿಗಾಗಿ ಕಾದ. ಅದು ಹೊರಗೆ ಬರಲೇ ಇಲ್ಲ. ಊಟವಾದ ಮೇಲೆ ಮಾಸ್ತರು ಅವನಿಗೆ, "ಆಳಂದಕ್ಕ ಬಸ್ಸು ಎಷ್ಟಕ್ಕದ ರೀ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಡಬ್ಬಿಯನ್ನು ಟೆಂಪೋಗೆ ಏರಿಸಲು ಅವನೇ ಕೈಹಚ್ಚಿದ. ಒಳ್ಳೆಯವನು.

"ಯಾರ ಮಾಡಿಕೊಟ್ಟಾರ್ರಿ ಇದನ್ನ?"

"ಪಂಪ್‌ಸೆಟ್ ಮೋಟರ್ ಸುತ್ತೋರು."

ಅವನು ಹಿಂಬದಿಗೆ ಬಗ್ಗಿ ಕಪ್ಪು ವೈರುಗಳನ್ನು ನೋಡಿದ. "ಎಷ್ಟು ಎಕರೆಗೆ ಸಾಕಾಗ್ತದ್ರಿ?" ಎಂದ.

ನಾನು ಸೀಟಿನಲ್ಲಿ ಕುಳಿತೆ.