ಶಾಲು ತಂದವರನ್ನು ಹೊರಗೆ ಕಳಿಸಿದ ದಿನ

ಕೊರೊನಾ ಕಳೆದು ಶಾಲೆ ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ. ನಾನು ಆಗ ಬೆಳಗಾವಿ ಜಿಲ್ಲೆಯಲ್ಲಿ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಶನ್ ಆಫೀಸರ್. ಹದಿನೆಂಟು ತುಂಬದ ಮಕ್ಕಳು ಅಪರಾಧದಲ್ಲಿ ಸಿಕ್ಕಿಬಿದ್ದರೆ ಅವರ ಮನೆ, ಓದು, ಸಹವಾಸ ಎಲ್ಲವನ್ನೂ ವಿಚಾರಿಸಿ ಬಾಲ ನ್ಯಾಯ ಮಂಡಳಿಗೆ ವರದಿ ಕೊಡುವುದು ನನ್ನ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನನ್ನ ಪಾಲಿಗೆ ಬಂದ ತಾಲೂಕುಗಳು. ಈಗ ನಿವೃತ್ತಳಾಗಿದ್ದೇನೆ, ಎಷ್ಟೋ ಪ್ರಕರಣಗಳನ್ನು ಮರೆತಿದ್ದೇನೆ. ಇದೊಂದನ್ನು ನೆನೆದರೆ ಮಾತ್ರ ಇಂದಿಗೂ ಮೈ ಉರಿಯುತ್ತದೆ.

ಅಂದು ಬಂದ್ ಇತ್ತು. ಯಾವ ಬೇಡಿಕೆಗೆ ಎಂಬುದು ಈಗ ಕರೆ ಕೊಟ್ಟವರಿಗೇ ನೆನಪಿರಲಿಕ್ಕಿಲ್ಲ. ದೊಡವಾಡದಿಂದ ಬೈಲಹೊಂಗಲಕ್ಕೆ ಹೊರಟ ಮುಂಜಾನೆಯ ಬಸ್ಸಿಗೆ ದಾರಿಯಲ್ಲಿ ಕಲ್ಲು ಬಿತ್ತು. ಮುಂದಿನ ಗಾಜು ಒಡೆದು ಚಾಲಕ ಹುಸೇನಸಾಬರ ಬಲಗಣ್ಣು ಹೋಯಿತು. ಅಂಥ ಸ್ಥಿತಿಯಲ್ಲೂ ಅವರು ಬಸ್ಸನ್ನು ಬದಿಗೆ ತಂದು ನಿಲ್ಲಿಸಿದ್ದರಿಂದ ಪ್ರಯಾಣಿಕರಿಗೆ ಏನೂ ಆಗಲಿಲ್ಲ. ಒಂದು ಕಣ್ಣಿನವರ ಕೈಗೆ ಸ್ಟೇರಿಂಗ್ ಕೊಡುವಂತಿಲ್ಲವಲ್ಲ, ಅವರಿಗೆ ಡಿಪೋದಲ್ಲಿ ಬೇರೆ ಕೆಲಸ ಹಚ್ಚಿದರು. ಕಲ್ಲು ಒಗೆದವನು ದೊಡವಾಡದ ಹದಿನಾರರ ಹುಡುಗ, ಪಿಯುಸಿ ಓದುತ್ತಿದ್ದವನು. ಇಂಥ ಮಕ್ಕಳ ಹೆಸರು ಹೇಳಬಾರದೆಂದು ಕಾನೂನಿದೆ. ಮಂಜು ಎಂದು ಕರೆಯುತ್ತೇನೆ.

ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸಲು ಸಾಧ್ಯವೇ ನೋಡಿ ಎಂದು ಮಂಡಳಿ ನನಗೆ ಹೇಳಿತು. ಇದಕ್ಕೆ ಸಂತ್ರಸ್ತ-ಅಪರಾಧಿ ಮಧ್ಯಸ್ಥಿಕೆ ಎನ್ನುತ್ತಾರೆ. ಊರ ಹಿರಿಯರು ಮಾಡುವ ರಾಜಿ ಬೇರೆ, ಇದು ಬೇರೆ. ರಾಜಿಯಲ್ಲಿ ಕೇಸು ಮುಚ್ಚುವ ಆತುರವೇ ಹೆಚ್ಚು. ಇಲ್ಲಿ ನೋವುಂಡವರು ಬಾಯಿಬಿಟ್ಟು ಕೇಳಬೇಕು, ನೋವು ಕೊಟ್ಟವನು ತನ್ನ ಬಾಯಿಂದಲೇ ಉತ್ತರ ಹೇಳಬೇಕು, ಇಬ್ಬರೂ ಮನಸ್ಸಿನಿಂದ ಒಪ್ಪಿ ಬಂದಿರಬೇಕು. ಕಿತ್ತೂರಿನ ಮನೆಗೆ ಹೋಗಿ ಹುಸೇನಸಾಬರನ್ನು ಕೇಳಿದೆ.

“ಒಂದ ಮಾತು ಕೇಳೂದೈತ್ರಿ ಮೇಡಂ,” ಎಂದರು. “ಸ್ಟೇರಿಂಗ್ ಹಿಡದಾಂವ ನಾ ಅನ್ನೂದು ಅವಗ ಗೊತ್ತಿತ್ತೋ ಇಲ್ಲೋ? ದಿನಾ ನನ್ನ ಬಸ್ಸಿಗೇ ಬರಾಂವ. ಓಡಿ ಬರೂದು ಕಂಡ್ರ ನಿಂದರಸತಿದ್ದೆ. ನಿನ್ನ ನೋಡೇ ಒಗದಾನ ಅಂತಾರ ನಮ್ಮ ಮನ್ಯಾಗ. ನಿದ್ದಿ ಹತ್ತವಲ್ದರಿ.”

ಮಂಜುವೂ ಬರಲು ಒಪ್ಪಿದ ಮೇಲೆ ಬೈಲಹೊಂಗಲದ ಕಚೇರಿಯೊಂದರಲ್ಲಿ ಕೋಣೆ ಕೇಳಿ ಪಡೆದು ಕುರ್ಚಿ ಹಾಕಿಸಿದೆ. ಹುಸೇನಸಾಬರು ಹೇಳಿದ ಹೊತ್ತಿಗೆ ಒಬ್ಬರೇ ಬಂದರು. ಮಂಜು ಮತ್ತು ಅವನ ಅಪ್ಪನ ಬೆನ್ನಿಗೆ ಮಾತ್ರ ಒಂದು ದಂಡೇ ಇತ್ತು. ಮುಂದೆ ನಿಂತವರು ಬಂದ್‌ಗೆ ಕರೆ ಕೊಟ್ಟಿದ್ದ ಮುಖಂಡರು, ಊರವರ ಬಾಯಲ್ಲಿ ಸಾವಕಾರರು. ಮಂಜುವಿನ ಅಪ್ಪ ಅವರದೇ ಟ್ರ್ಯಾಕ್ಟರ್ ಓಡಿಸುವವನು. ಹಿಂಬಾಲಕರ ಕೈಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ. ಸಾಲದ್ದಕ್ಕೆ ಒಬ್ಬ ಫೋಟೊಗ್ರಾಫರ್. ಕಣ್ಣು ಕಳೆದುಕೊಂಡವರಿಗೆ ಸನ್ಮಾನ ಮಾಡಲು ಬಂದಿದ್ದರು. ನಮ್ಮ ಕಡೆ ಶಾಲು, ಫೋಟೊ ಇಲ್ಲದೆ ಯಾವ ಕಾರ್ಯವೂ ಮುಗಿಯುವುದಿಲ್ಲ, ನಾನೂ ಬಲ್ಲೆ. ಇದಕ್ಕೂ ಶಾಲೇ?

“ಹುಡುಗ ಕಾಲಿಗೆ ಬೀಳತಾನ, ನಾವು ಶಾಲು ಹೊದಸತೇವಿ, ಮುಗೀತು. ನಾವೆಲ್ಲಾ ಅಣ್ಣತಮ್ಮರಿದ್ದಂಗ ಅದೇವಿ,” ಎನ್ನುತ್ತ ಸಾವಕಾರರು ಮಂಜುವಿನ ಕತ್ತು ಹಿಡಿದು ಬಗ್ಗಿಸಿದರು. ಹುಸೇನಸಾಬರು ಕಾಲು ಹಿಂದಕ್ಕೆಳೆದುಕೊಂಡರು.

ನನ್ನ ಸಿಟ್ಟು ನೆತ್ತಿಗೇರಿತು. ಹುಡುಗ ಮತ್ತು ಅವನ ಅಪ್ಪ ಇರಲಿ, ಉಳಿದವರೆಲ್ಲ ಹೊರಗೆ ನಡೆಯಿರಿ ಎಂದೆ.

“ನಾ ಯಾರಂತ ಗೊತ್ತೈತೇನ್ರಿ ಮೇಡಂ?” ಎಂದರು ಸಾವಕಾರರು.

“ಗೊತ್ತೈತಿ. ಅದಕ್ಕ ಹೊರಗ ಹೋಗ್ರಿ.”

ಬಾಗಿಲು ಹಾಕಿ ಬಂದು ಕುಳಿತೆ. ಹುಸೇನಸಾಬರು ತಮ್ಮ ಒಂದೇ ಮಾತನ್ನು ಕೇಳಿದರು. ಮಂಜು ನೆಲ ನೋಡುತ್ತ ಪಾಠ ಒಪ್ಪಿಸುವಂತೆ, “ಗೊತ್ತಿರಲಿಲ್ರಿ ಕಾಕಾ,” ಎಂದ.

“ನಂಗ ನೀ ಕಂಡಿದ್ದಿ,” ಎಂದರು ಹುಸೇನಸಾಬರು. “ರಸ್ತೆ ಬಾಜೂಕ ನಿಂತಿದ್ದಿ. ಕಾಲೇಜಿಗೆ ಹೊಂಟಿರಬೇಕು ಅಂತ ನಿನ್ನ ಸಲುವಾಗೇ ಬ್ರೇಕ್ ಹಾಕಿದೆ.”

ಹುಡುಗ ತಲೆ ಎತ್ತಿದ. ಅಪ್ಪನ ಕಡೆ ನೋಡಿದ. ಬೇಡ ಎಂದು ಅಪ್ಪ ಕಣ್ಣಲ್ಲೇ ಹೇಳಿದ್ದು ನನಗೂ ಕಂಡಿತು.

“ಗೊತ್ತಿತ್ರಿ,” ಎಂದ ಮಂಜು. “ಹಾರ್ನ್ ಕೇಳಿದಾಗನ ನೀವು ಅಂತ ಗೊತ್ತಾತು. ಸಾವಕಾರ್ರು ಕಲ್ಲು ಕೈಯಾಗ ಇಟ್ರು, ಒಗಿ ಅಂದ್ರು. ಎಲ್ಲಾರೂ ನನ್ನ ನೋಡಾಕತ್ತಿದ್ರು. ಗ್ಲಾಸ್ ಅಷ್ಟ ಒಡೀತೈತಿ ಅನ್ಕೊಂಡಿದ್ದೆ ಕಾಕಾ.”

ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಹುಸೇನಸಾಬರು ಅವನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಕಡೆ ತಿರುಗಿದರು.

“ಮಾಫಿ ಮಾಡಿದ ಅಂತ ಬರೀಬ್ಯಾಡ್ರಿ ಮೇಡಂ. ಅದು ನನ್ನ ಕಡಿಂದ ಇನ್ನೂ ಆಗವಲ್ದು. ಹುಡುಗ ಖರೇ ಹೇಳಿದ ಅಂತ ಬರೀರಿ.”

ಬಾಗಿಲು ತೆರೆದರೆ ಸಾವಕಾರರು ಶಾಲು ಹಿಡಿದು ಅಲ್ಲೇ ನಿಂತಿದ್ದರು. ಹುಸೇನಸಾಬರು ಅವರನ್ನು ದಾಟಿ ನಡೆದರು. “ತಂದ ಶಾಲು ವಾಪಸ್ ಒಯ್ಯಬಾರದು, ಮೇಡಂಗಾದ್ರೂ ಹೊದಸೂಣು,” ಎನ್ನುತ್ತ ಆ ಮನುಷ್ಯ ನನ್ನ ಹೆಗಲಿಗೇ ಬಂದ. ಇನ್ನು ಅವನಿಗೆ ಬಹುವಚನ ನನ್ನಿಂದಾಗದು.

“ಹೊದಸ್ರಿ,” ಎಂದೆ. “ಮಂಡಳಿ ಮುಂದ ಒಯ್ದು ಇಡತೇನಿ. ಯಾರು ಕೊಟ್ರು, ಯಾಕ ಕೊಟ್ರು ಎಲ್ಲಾ ಹೇಳತೇನಿ.” ಶಾಲು ಮಡಿಚಿಕೊಂಡು ಬುಟ್ಟಿ ಸೇರಿತು.

ಮಕ್ಕಳನ್ನು ಮುಂದೆ ಬಿಟ್ಟು ಅಪರಾಧ ಮಾಡಿಸುವ ದೊಡ್ಡವರಿಗೂ ಕಾನೂನಿನಲ್ಲಿ ಶಿಕ್ಷೆಯಿದೆ. ಮಂಜುವನ್ನು ಕೇಳಿಯೇ ವರದಿಯಲ್ಲಿ ಆ ಹೆಸರು ಬರೆದೆ. ಮಂಡಳಿಯ ಮುಂದೆಯೂ ಹುಡುಗ ಅದನ್ನೇ ಹೇಳಿದ. ಅವನ ಅಪ್ಪ ಕೆಲಸ ಕಳೆದುಕೊಂಡ. ಅಂದು ರಸ್ತೆಯಲ್ಲಿ ನಿಂತು ನೋಡಿದ ಉಳಿದವರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಸಾವಕಾರನ ಕೂದಲೂ ಕೊಂಕಲಿಲ್ಲ, ಇಂದಿಗೂ ವೇದಿಕೆ ಹತ್ತಿ ಯಾರ್‍ಯಾರಿಗೋ ಶಾಲು ಹೊದಿಸುತ್ತಾನೆ.

ಹುಡುಗರಿಗೆ ನಿಜ ಹೇಳುವ ಧೈರ್ಯವಿರುತ್ತದೆ, ಅವರ ಪರವಾಗಿ ಮಾತಾಡುವವರನ್ನು ಮೊದಲು ಹೊರಗೆ ಹಾಕಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಹೊರಗೆ ಹಾಕಿದವರನ್ನು ಅದೇ ಕುರ್ಚಿಗೆ ಎಳೆತಂದು ಕೂರಿಸುವುದು ಹೇಗೆಂದು ಯಾರೂ ಕಲಿಸಲಿಲ್ಲ. ಇತ್ತೀಚೆಗೆ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಹುಸೇನಸಾಬರು ಸಿಕ್ಕಿದ್ದರು. ಈಗ ನಿದ್ದೆ ಬರುತ್ತದೆ ಎಂದರು. ಹೊರಡುವಾಗ ಸಹಜವಾಗಿಯೇ ಕೇಳಿದರು:

“ಸಣ್ಣಾಂವ ಖರೇ ಹೇಳಿದ. ದೊಡ್ಡಾಂವ ಯಾವಾಗ ಹೇಳತಾನ್ರಿ ಮೇಡಂ?”